ಸಿಂಕ್ ಆಗದ ಇಮೇಲ್ ಫೋಲ್ಡರ್: ಮೂಲ ಮತ್ತು ಪ್ರತಿಗಳ ಲೆಕ್ಕ

ಗಣಕದಲ್ಲಿ ಅಳವಡಿಸಿಕೊಂಡ ಇಮೇಲ್ ತಂತ್ರಾಂಶದಲ್ಲಿ ಕಾಣುವ ಪತ್ರಗಳು ಸಾಮಾನ್ಯವಾಗಿ ಮೂಲಪತ್ರಗಳಲ್ಲ, ಸರ್ವರ್ ಎಂಬ ದೂರದ ಗಣಕದಲ್ಲಿ ಸಂಗ್ರಹವಾಗಿರುವ ಮೂಲದ ಪ್ರತಿಗಳು. ಮೂಲದಲ್ಲಿ ಆದ ಬದಲಾವಣೆಯನ್ನು ಪ್ರತಿಗೂ, ಪ್ರತಿಯಲ್ಲಿ ಮಾಡಿದ್ದನ್ನು ಮೂಲಕ್ಕೂ ತಲುಪಿಸಿ ಎರಡನ್ನೂ ಸರಿದೂಗಿಸುವ ಕೆಲಸಕ್ಕೆ ಸಿಂಕ್ ಎಂದು ಹೆಸರು. ಫೋನಿನಲ್ಲಿ ಕಂಡ ಪತ್ರ ಗಣಕದಲ್ಲಿ ಕಾಣದಿದ್ದಾಗ, ಅಳಿಸಿದ ಪತ್ರ ಮತ್ತೆ ಪ್ರತ್ಯಕ್ಷವಾದಾಗ ಅಥವಾ ಒಂದು ಫೋಲ್ಡರೇ ಕಣ್ಮರೆಯಾದಾಗ ಪತ್ರ ನಾಶವಾಯಿತೆಂದು ಭಾವಿಸುವುದು ಸಹಜವಾದರೂ, ಹೆಚ್ಚಿನ ಸಂದರ್ಭಗಳಲ್ಲಿ ತಪ್ಪಿರುವುದು ಲೆಕ್ಕವೇ ಹೊರತು ಪತ್ರವಲ್ಲ. ಪಾಸ್‌ಬುಕ್‌ನಲ್ಲಿ ನಮೂದಾಗಿಲ್ಲವೆಂದ ಮಾತ್ರಕ್ಕೆ ಬ್ಯಾಂಕಿನಲ್ಲಿರುವ ಹಣ ಇಲ್ಲವಾಗುವುದಿಲ್ಲ.

ಈ ವ್ಯವಸ್ಥೆಯ ಹಿಂದಿರುವುದು ಐಮ್ಯಾಪ್ ಎಂಬ ಶಿಷ್ಟಾಚಾರ, ಅಂದರೆ ಎರಡು ಗಣಕಗಳು ಪರಸ್ಪರ ವ್ಯವಹರಿಸಲು ಒಪ್ಪಿಕೊಂಡ ನಿಯಮಗಳ ಕಟ್ಟು. ಅದಕ್ಕೂ ಮೊದಲು, 1984ರಲ್ಲಿ, ರೂಪುಗೊಂಡಿದ್ದ ಪಾಪ್ ಪದ್ಧತಿಯಲ್ಲಿ ಪತ್ರಗಳನ್ನು ಗಣಕಕ್ಕೆ ಇಳಿಸಿಕೊಂಡು ಸರ್ವರ್‌ನಿಂದ ತೆಗೆದುಹಾಕುವುದು ವಾಡಿಕೆಯಾಗಿತ್ತು. ಪತ್ರಗಳನ್ನು ಸರ್ವರ್‌ನಲ್ಲೇ ಉಳಿಸಿ, ಹಲವು ಗಣಕಗಳಿಂದ ಅವುಗಳನ್ನು ನಿರ್ವಹಿಸಲು ಅನುವು ಮಾಡುವ ಐಮ್ಯಾಪ್ ಅನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದರು.

ಐಮ್ಯಾಪ್‌ನ ಲೆಕ್ಕ ನಿಂತಿರುವುದು ಯುಐಡಿ ಎಂಬ ಸಂಖ್ಯೆಯ ಮೇಲೆ. ಫೋಲ್ಡರಿಗೆ ಬರುವ ಪ್ರತಿ ಪತ್ರಕ್ಕೂ ಸರ್ವರ್ ಹಿಂದಿನದಕ್ಕಿಂತ ದೊಡ್ಡದಾದ ಒಂದು ಸಂಖ್ಯೆಯನ್ನು ಕೊಡುತ್ತದೆ. ನಡುವಿನ ಪತ್ರವನ್ನು ಅಳಿಸಿದರೂ ಆ ಸಂಖ್ಯೆ ಇನ್ನೊಂದು ಪತ್ರಕ್ಕೆ ಸಲ್ಲುವುದಿಲ್ಲ. ಉದಾಹರಣೆಗೆ, ಗಣಕದಲ್ಲಿರುವ ಕೊನೆಯ ಪತ್ರದ ಸಂಖ್ಯೆ 4812 ಆಗಿದ್ದರೆ, ಮುಂದಿನ ಸಂಪರ್ಕದಲ್ಲಿ ತಂತ್ರಾಂಶವು 4813ರಿಂದ ಆಚೆಗಿನ ಪತ್ರಗಳನ್ನಷ್ಟೇ ಕೇಳಿ ಪಡೆದು, ಹಳೆಯವುಗಳಲ್ಲಿ ಓದಿದ್ದು ಯಾವುದು, ಅಳಿಸಿದ್ದು ಯಾವುದು ಎಂಬುದನ್ನು ಮಾತ್ರ ತಾಳೆ ನೋಡುತ್ತದೆ. ಇದರೊಂದಿಗೆ ಪ್ರತಿ ಫೋಲ್ಡರಿಗೂ ಯುಐಡಿ ವ್ಯಾಲಿಡಿಟಿ ಎಂಬ ಮತ್ತೊಂದು ಸಂಖ್ಯೆಯಿದ್ದು, ಸರ್ವರ್ ಬದಲಾವಣೆಯಂತಹ ಕಾರಣದಿಂದ ಅದು ಬದಲಾದರೆ ಹಳೆಯ ಲೆಕ್ಕವೆಲ್ಲ ಅಮಾನ್ಯವಾಗುತ್ತದೆ. ಆಗ ತಂತ್ರಾಂಶವು ಇಡೀ ಫೋಲ್ಡರಿನ ಲೆಕ್ಕವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಮೊಜಿಲ್ಲಾ ಬಳಗದ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಈ ಲೆಕ್ಕ ತಪ್ಪುವ ಬಗೆಯನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿನ ರೂಢಿಯ ಸಂಗ್ರಹಕ್ರಮದಲ್ಲಿ, ಗಣಕದಲ್ಲಿ ಉಳಿಸಿಕೊಂಡ ಫೋಲ್ಡರೊಂದರ ಪತ್ರಗಳೆಲ್ಲ ಒಂದೇ ಕಡತದಲ್ಲಿ ಸಾಲಾಗಿ ಸೇರಿರುತ್ತವೆ. ಯಾವ ಪತ್ರ ಎಲ್ಲಿದೆ ಎಂಬ ಸೂಚಿಯು ಎಂಎಸ್ಎಫ್ ಎಂಬ ಬೇರೊಂದು ಕಡತದಲ್ಲಿರುತ್ತದೆ. ಬರೆಯುವ ನಡುವೆ ವಿದ್ಯುತ್ ಹೋದರೆ ಅಥವಾ ವೈರಸ್ ನಿರೋಧಕ ತಂತ್ರಾಂಶ ಕಡತವನ್ನು ಹಿಡಿದಿಟ್ಟರೆ ಸೂಚಿ ಕೆಡಬಹುದು. ಆಗ ಪತ್ರಗಳಿದ್ದರೂ ಪಟ್ಟಿಯಲ್ಲಿ ಕಾಣುವುದಿಲ್ಲ.

ಎಲ್ಲ ತೊಂದರೆಗಳಿಗೂ ಕೆಟ್ಟ ಸೂಚಿಯೇ ಕಾರಣವಲ್ಲ. ಥಂಡರ್‌ಬರ್ಡ್ ತಾನಾಗಿ ಹೊಸ ಪತ್ರಗಳಿಗಾಗಿ ನೋಡುವುದು ಮುಖ್ಯವಾಗಿ ಇನ್‌ಬಾಕ್ಸ್ ಅನ್ನು. ಆದ್ದರಿಂದ ಸರ್ವರ್‌ನಲ್ಲಿಯೇ ವಿಂಗಡಣೆಯಾಗಿ ಬೇರೆ ಫೋಲ್ಡರಿಗೆ ಸೇರಿದ ಪತ್ರ, ಆ ಫೋಲ್ಡರನ್ನು ತೆರೆಯುವವರೆಗೂ ಬಾರದಂತೆ ತೋರಬಹುದು. ಅಂತಹ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ, ಹೊಸ ಪತ್ರಗಳಿಗಾಗಿ ಇದನ್ನೂ ಸದಾ ಪರೀಕ್ಷಿಸಬೇಕೆಂಬ ಆಯ್ಕೆಯನ್ನು ಗುರುತುಮಾಡಿದರೆ ಸಾಕು. ಫೋಲ್ಡರೇ ಕಾಣದಿದ್ದರೆ ಸಬ್‌ಸ್ಕ್ರೈಬ್ ಪಟ್ಟಿಯಲ್ಲಿ, ಅಂದರೆ ಯಾವ ಫೋಲ್ಡರುಗಳನ್ನು ತೋರಿಸಬೇಕೆಂದು ನಿರ್ಧರಿಸುವ ಪಟ್ಟಿಯಲ್ಲಿ, ಅದರ ಗುರುತು ತಪ್ಪಿದೆಯೇ ಎಂದು ನೋಡಬೇಕು. ಜಿಮೇಲ್ ಖಾತೆಯಾದರೆ ಆ ಫೋಲ್ಡರಿಗೆ ಸಮನಾದ ಲೇಬಲ್ ಅನ್ನು ಐಮ್ಯಾಪ್‌ನಲ್ಲಿ ತೋರಿಸುವ ಅನುಮತಿ ಜಿಮೇಲ್‌ನ ಸೆಟ್ಟಿಂಗ್‌ನಲ್ಲಿಯೂ ಇರಬೇಕು.

ದುರಸ್ತಿಯಲ್ಲಿ ಕ್ರಮವೇ ಮುಖ್ಯ. ಮೊದಲು ಬ್ರೌಸರ್ ಮೂಲಕ ಖಾತೆಯನ್ನು ತೆರೆದು ಪತ್ರಗಳು ಸರ್ವರ್‌ನಲ್ಲಿ ಇವೆಯೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿಯೂ ಇಲ್ಲವಾದರೆ ತೊಂದರೆ ಸಿಂಕ್‌ನದಲ್ಲ. ಅಲ್ಲಿದ್ದು ಇಲ್ಲಿ ಕಾಣದಿದ್ದರೆ, ಮೇಲೆ ಹೇಳಿದ ಆಯ್ಕೆಗಳನ್ನು ಪರಿಶೀಲಿಸಿದ ನಂತರ, ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿರುವ ರಿಪೇರ್ ಫೋಲ್ಡರ್ ಗುಂಡಿಯನ್ನು ಒತ್ತಬೇಕು. ಇದರಿಂದ ಹಳೆಯ ಸೂಚಿ ಹೋಗಿ ಹೊಸದು ಸಿದ್ಧವಾಗುತ್ತದೆ, ಅಗತ್ಯವಾದ ಪತ್ರಗಳು ಸರ್ವರ್‌ನಿಂದ ಮತ್ತೆ ಇಳಿಯುತ್ತವೆ. ಫೋಲ್ಡರ್ ದೊಡ್ಡದಾಗಿದ್ದರೆ ಇದಕ್ಕೆ ಬಹಳ ಹೊತ್ತು ಹಿಡಿಯಬಹುದಾದ್ದರಿಂದ ನಡುವೆ ತಂತ್ರಾಂಶವನ್ನು ಮುಚ್ಚಬಾರದು.

ಲೋಕಲ್ ಫೋಲ್ಡರ್ಸ್ ಎಂಬ ವಿಭಾಗಕ್ಕೆ ಸರಿಸಿದ ಪತ್ರಗಳ ಸ್ಥಿತಿ ಬೇರೆ. ಅವು ಗಣಕದಲ್ಲಿ ಮಾತ್ರ ಉಳಿದಿರುವುದರಿಂದ, ಅಳಿದರೆ ಮರಳಿ ಕೊಡಲು ಸರ್ವರ್‌ನಲ್ಲಿ ಮೂಲವೇ ಇರುವುದಿಲ್ಲ. ಆದ್ದರಿಂದ ಯಾವುದೇ ಖಾತೆಯನ್ನು ತೆಗೆದು ಮತ್ತೆ ಸೇರಿಸುವ ಮುನ್ನ, ಯಾವುದೇ ಕಡತವನ್ನು ಅಳಿಸುವ ಮುನ್ನ, ತಂತ್ರಾಂಶವನ್ನು ಮುಚ್ಚಿ ಪತ್ರಗಳೂ ಸೆಟ್ಟಿಂಗ್‌ಗಳೂ ಇರುವ ಅದರ ಪ್ರೊಫೈಲ್ ಫೋಲ್ಡರಿನ ಪೂರ್ಣ ನಕಲೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿರಿಸಬೇಕು. ಪ್ರತಿ ಕೆಟ್ಟರೆ ಮೂಲದಿಂದ ಮತ್ತೆ ಬರೆದುಕೊಳ್ಳಬಹುದು; ಉಳಿದಿರುವುದು ಒಂದೇ ಪ್ರತಿಯಾದರೆ ಅದನ್ನೇ ಮೂಲವೆಂದು ತಿಳಿದು ಕಾಪಾಡಬೇಕು.