ಬೇಳೆ ಬೇಯುವ ನೀರಿನ ಲೆಕ್ಕ

ಆಂಧ್ರದ ಪಶ್ಚಿಮ ಕರ್ನೂಲಿನ ಆದವಾನಿ ಸೀಮೆಯ ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಮೂರು ಪರೀಕ್ಷೆ. ನಾಲಿಗೆಗೆ ಸವಳು ಹತ್ತಬಾರದು. ಸಬಕಾರ ಉಜ್ಜಿದರೆ ನೊರೆ ಏಳಬೇಕು. ಬೇಳೆ ಬೇಯಬೇಕು. ಮೂರರಲ್ಲೂ ಗೆದ್ದ ಬೋರಿನ ಮುಂದೆ ಬೆಳಕು ಹರಿಯುವ ಮೊದಲೇ ಬಿಂದಿಗೆಗಳ ಸಾಲು. ಸೋತದ್ದು ದನಕ್ಕೆ, ಬಟ್ಟೆಗೆ. ಕೋಸಿಗಿ ಕಡೆಯ ಒಂದು ಹಳ್ಳಿಯಲ್ಲಿ ಕೈಪಂಪಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ನನಗೆ ಇದನ್ನೇ ಹೇಳಿದರು: “ಈ ನೀರಾಗ ಬ್ಯಾಳಿ ಬೆಣ್ಣಿ ಆದಂಗ ಆಗತೈತಿ ನೋಡಪ್ಪ. ಆ ಕಡೀ ಬೋರಿನ ನೀರಾಗ ಎಷ್ಟೊತ್ತು ಕುದಿಸಿದ್ರೂ ಕಾಳು ಕಾಳಾಗೇ ಇರತೈತಿ.”

ಅವರ ಎದುರಿಗೇ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಆ ಪಂಪಿನ ನೀರಿನಿಂದ ಒಂದು ಪ್ಲಾಸ್ಟಿಕ್ ಸೀಸೆಯನ್ನು ಮೂರನೆಯ ಸಲ ಗಲಬರಿಸುತ್ತಿದ್ದಳು. ಅದಕ್ಕೂ ಮೊದಲು ಐದು ನಿಮಿಷ ಪಂಪು ಹೊಡೆಸಿ, ರಾತ್ರಿಯಿಡೀ ಕೊಳವೆಯಲ್ಲಿ ನಿಂತಿದ್ದ ನೀರನ್ನು ಹೊರಗೆ ಹರಿಯಬಿಟ್ಟಿದ್ದಳು. ಕೊಳವೆಯೊಳಗೆ ನಿಂತ ನೀರು ತುಕ್ಕಿನ ಕಥೆ ಹೇಳುತ್ತದೆಯೇ ಹೊರತು ನೆಲದೊಳಗಿನದ್ದನ್ನಲ್ಲ. ಗಾಜಿನ ಸೀಸೆ ಏಕೆ ಬೇಡವೆಂದು ಕೇಳಿದೆ. ತಾನು ಅಳೆಯಬೇಕಾದ ಫ್ಲೋರೈಡು ಗಾಜಿನೊಡನೆ ಬೆರೆತುಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ ಎಂದಳು. ಸೀಸೆಯ ಮೇಲೆ ಊರು, ಪಂಪಿನ ಗುರುತು, ಬೋರಿನ ಆಳ, ತಾರೀಖು, ಹೊತ್ತು ಎಲ್ಲವನ್ನೂ ಬರೆದಳು. ಆಮೇಲೆ ಒಂದು ಪುಟ್ಟ ಕೊಳವೆಯಲ್ಲಿ ಅಳತೆಗೆ ತಕ್ಕಷ್ಟು ನೀರು ತೆಗೆದುಕೊಂಡು ಕೆಂಪು ದ್ರಾವಣದ ಕೆಲವು ಹನಿ ಹಾಕಿದಳು. ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿದ ಬಣ್ಣವದು. ಫ್ಲೋರೈಡು ಹೆಚ್ಚಿದ್ದಷ್ಟೂ ಆ ಕೆಂಪು ಕಳೆದುಕೊಂಡು ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಗೆ ಹಿಡಿದು ನೋಡಿದಳು. ಅಜ್ಜಿಯ ಮೆಚ್ಚಿನ ನೀರು ಹಳದಿಯಾಗಿತ್ತು.

ನೀರು, ಗಾಳಿಗಳ ಗುಣ ಅಳೆಯುವ ಅನ್ವಯಿಕ ಪರಿಸರ ಸಂಶೋಧನೆ ಎಂಬ ಕಸುಬು ಹುಟ್ಟಿದ್ದೇ ಇಂಥ ಕಡೆ, ನಾಲಿಗೆ, ಕಣ್ಣು, ಅಡುಗೆಮನೆಯ ಅನುಭವ ಮೂರೂ ಸೇರಿ ಕೈಕೊಡುವ ಜಾಗದಲ್ಲಿ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೇಳೆಯ ಪರೀಕ್ಷೆ ಎಷ್ಟೋ ಸಲ ನಮ್ಮನ್ನು ತಪ್ಪು ದಾರಿಗೆ ಹಚ್ಚುತ್ತದೆ. ಬೇಳೆ ಬೇಯದಿರುವುದಕ್ಕೆ ಕಾರಣ ನೀರಿನ ಗಡಸುತನ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದುಕೊಂಡು ಹೆಚ್ಚು ಕರಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟು ಏರಿದಾಗ ಬಂಡೆಯೊಳಗಿನ ಫ್ಲೋರೈಡು ಸಲೀಸಾಗಿ ನೀರಿಗೆ ಇಳಿಯುತ್ತದೆ. ಅಂಥ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸಬಕಾರಕ್ಕೂ ನೊರೆ ಏಳುತ್ತದೆ. ಎಲ್ಲ ಬೋರಿಗೂ ಈ ಮಾತು ಅನ್ವಯಿಸುವುದಿಲ್ಲ, ನಿಜ. ಆದರೆ ತಾಯಂದಿರು ಪೀಳಿಗೆಗಳಿಂದ ನಂಬಿದ ಪರೀಕ್ಷೆಯಲ್ಲಿ ಗೆದ್ದ ನೀರೇ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಎಳೆಯಬಹುದು ಎಂಬುದು ನನಗೆ ಮೊದಲ ಸಲ ಅರ್ಥವಾದ ದಿನ ಊಟ ಸೇರಲಿಲ್ಲ.

ಆದವಾನಿಯ ಕೋಟೆ ನಿಂತಿರುವುದು ಗ್ರಾನೈಟಿನ ಗುಡ್ಡಗಳ ಮೇಲೆ. ಅಲ್ಲಿಂದ ಆಲೂರು, ಆಸ್ಪರಿ, ಪತ್ತಿಕೊಂಡಗಳವರೆಗೆ ನೆಲದಡಿ ಇದೇ ಜಾತಿಯ ಹಳೆಯ ಬಂಡೆ. ಅಭ್ರಕದ ಜಾತಿಯ ಬಯೊಟೈಟ್, ಅಪಟೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡು ಅಡಗಿರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಖನಿಜ ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಒಪ್ಪಿತ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿದ್ದ ಕಲೆ ಜನ್ಮಕ್ಕೆ ಹೋಗದು. ಇನ್ನೂ ಹೆಚ್ಚಿದ್ದು, ಹತ್ತಿಪ್ಪತ್ತು ವರ್ಷ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. “ಕುದಿಸಿ ಕುಡಿಯಿರಿ” ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಕುದಿಸಿದರೆ ಆವಿಯಾಗುವುದು ನೀರು; ಫ್ಲೋರೈಡು ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

ಭಾರತದಲ್ಲಿ ಫ್ಲೋರೈಡಿನಿಂದ ಬರುವ ಈ ರೋಗವನ್ನು ವೈದ್ಯಲೋಕ ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ, ಎಚ್.ಇ. ಶಾರ್ಟ್ ಮತ್ತು ಅವರ ಸಂಗಡಿಗರಿಂದ. ಆಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ನೆಲ್ಲೂರಿನ ಹಾಗೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಹೋದವು. ಕಾಗದದ ಮೇಲೆ ಗೆರೆ ಬಿತ್ತು. ಬಂಡೆ, ಬಿರುಕು, ಅದರೊಳಗಿನ ನೀರು ಎರಡೂ ಕಡೆ ಒಂದೇ ಆಗಿ ಉಳಿದವು.

ಈ ರೋಗದ ಕಥೆಯ ಮುಂದಿನ ಅಧ್ಯಾಯ ನಮ್ಮ ಜೋಳದ ರೊಟ್ಟಿಗೇ ಸಂಬಂಧಿಸಿದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಎಪ್ಪತ್ತರ ದಶಕದಲ್ಲಿ ನಲ್ಗೊಂಡ ಜಿಲ್ಲೆಯ ಫ್ಲೋರೈಡು ನೀರಿನ ಹಳ್ಳಿಗಳಲ್ಲಿ ಮೊಣಕಾಲು ಒಳಕ್ಕೆ ಬಾಗಿದ ಹುಡುಗರನ್ನು ಕಂಡರು. ಆ ವರದಿ ಬಂದದ್ದು 1973ರಲ್ಲಿ. 1977ರಲ್ಲಿ ಅದೇ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಎಸ್.ಜಿ. ಶ್ರೀಕಂಠಯ್ಯ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು: ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡು ಹೆಚ್ಚು ಉಳಿಯುತ್ತದೆ. ಹಾಗೆಂದು ಜೋಳ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಈ ಒಣನೆಲಕ್ಕೆ ಒಗ್ಗಿದ ಕಾಳು ಅದು; ಬದಲಾಗಬೇಕಾದ್ದು ನೀರು. ನನಗೆ ಮುಖ್ಯವಾಗಿ ಕಂಡದ್ದು ಆ ಸಂಶೋಧಕರ ನೋಟ. ಬೋರಿನ ಬಾಯಿಯಲ್ಲಿ ಸಿಕ್ಕ ಅಂಕಿಗೆ ಅವರು ನಿಲ್ಲಲಿಲ್ಲ, ತಟ್ಟೆಯವರೆಗೂ ಬಂದರು.

ಪಶ್ಚಿಮ ಕರ್ನೂಲಿನಲ್ಲಿ ಲೆಕ್ಕ ಮಾಡುವವರು ತಟ್ಟೆಯನ್ನೂ ದಾಟಿ ಹೋಗಬೇಕು. ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಕಡೆಯಿಂದ ಸಾವಿರಾರು ಕುಟುಂಬಗಳು ವರ್ಷದಲ್ಲಿ ಕೆಲವು ತಿಂಗಳು ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತವೆ. ಇಲ್ಲಿನ ತೆಲುಗರು ಅದನ್ನು ‘ಸುಗ್ಗಿ’ಗೆ ಹೋಗುವುದು ಎನ್ನುತ್ತಾರೆ, ನಾವು ಗುಳೆ ಎನ್ನುತ್ತೇವೆ. ಆ ತಿಂಗಳುಗಳಲ್ಲಿ ಅವರು ಕುಡಿಯುವುದು ಬೇರೆ ಊರಿನ ನೀರು. ಹಳ್ಳಿಯಲ್ಲಿ ಉಳಿದು ವರ್ಷವಿಡೀ ಇದೇ ನೀರು ಕುಡಿಯುವವರು ಅಜ್ಜ, ಅಜ್ಜಿ ಮತ್ತು ಅವರ ಮಡಿಲಲ್ಲಿ ಬಿಟ್ಟುಹೋದ ಸಣ್ಣ ಮಕ್ಕಳು.

ಒಂದೇ ಸಲ ತೆಗೆದ ಮಾದರಿ ಸಾಲದು ಎನ್ನುವುದಕ್ಕೆ ಕಾರಣ ತುಂಗಭದ್ರೆಯ ಕೆಳಮಟ್ಟದ ಕಾಲುವೆ. ಜನರ ಬಾಯಲ್ಲಿ ಅದು ಎಲ್‌ಎಲ್‌ಸಿ. ಹೊಸಪೇಟೆಯ ಅಣೆಕಟ್ಟೆಯಿಂದ ಹೊರಟು ಬಳ್ಳಾರಿ ಸೀಮೆ ಹಾಯ್ದು 300 ಕಿಲೋಮೀಟರಿಗೂ ಹೆಚ್ಚು ಹರಿಯುವ ಈ ಕಾಲುವೆಯ ಕೊನೆಯ ಭಾಗ ಆದವಾನಿ, ಎಮ್ಮಿಗನೂರು ಕಡೆಯದು. ಕಾಲುವೆಯಲ್ಲಿ ನೀರಿದ್ದಾಗ ಆಸುಪಾಸಿನ ಬೋರುಗಳಿಗೆ ಹೊಸ ನೀರು ಇಂಗುತ್ತದೆ, ಅಂಕಿ ಇಳಿಯಬಹುದು. ಕಾಲುವೆ ನಿಂತು ಬೋರಿನ ಮಟ್ಟ ಕುಸಿದಾಗ ಏರಬಹುದು. ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಮೊದಲಿದ್ದ ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ಕಾಲುವೆಯ ಕೊನೆಯ ಊರುಗಳವರು ಏಕೆ ನಿದ್ದೆಗೆಟ್ಟರು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಕಾಲುವೆಗೆ ನೀರಿಲ್ಲವೆಂದರೆ ಮತ್ತೆ ಬೋರು, ಮತ್ತೆ ಆಳ.

ಹೊಳೆಯ ನೀರೆಂದರೆ ನಿಶ್ಚಿಂತೆ ಎನ್ನುವ ಹಾಗೂ ಇಲ್ಲ. 1984ರಲ್ಲಿ ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ ಕರ್ನಾಟಕಕ್ಕೆ ಗೊತ್ತಿದ್ದದ್ದೇ. ಕೊಳೆಯುವ ಪದಾರ್ಥ ಹೊಳೆಗೆ ಹೆಚ್ಚು ಸೇರಿದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನಿಗೆ ಉಸಿರು ಸಿಗುವುದಿಲ್ಲ. ಹಳ್ಳಿಯವರು ಮೀನು ಎಣಿಸಿದರು, ಪ್ರಯೋಗಾಲಯ ಆಮ್ಲಜನಕ ಎಣಿಸಬೇಕಾಯಿತು. ಎರಡೂ ಸೇರಿದಾಗಲೇ ಮಾತಿಗೆ ಬಲ.

ನೀರಿನಿಂದ ಬರುವ ಸಾವಿಗೆ ಈ ಸೀಮೆಯಲ್ಲಿ ಒಂದು ದೊಡ್ಡ ಹೆಸರೂ ಉಂಟು. ಮಂತ್ರಾಲಯದಲ್ಲಿ ರಾಯರ ದರ್ಶನ ಪಡೆದವರೆಂದು ಭಕ್ತರು ನೆನೆಯುವ ಥಾಮಸ್ ಮನ್ರೊ, ಮದ್ರಾಸಿನ ಗವರ್ನರ್ ಆಗಿದ್ದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡರು. ಕಾಲರಾ ನೀರಿನಿಂದ ಹಬ್ಬುತ್ತದೆಂದು ಜಾನ್ ಸ್ನೋ ಲಂಡನ್ನಿನ ಒಂದು ಬೀದಿ ಪಂಪಿನ ಸುತ್ತಲಿನ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸಿದ್ದು 1854ರಲ್ಲಿ, ಅಂದರೆ 27 ವರ್ಷ ತಡವಾಗಿ. ಈಗ ಅದೇ ಪತ್ತಿಕೊಂಡದ ನಲ್ಲಿಯ ನೀರಿಗೆ ಹೊಲಸು ಸೇರಿದೆಯೇ ಎಂದು ಶಾಲೆಯ ಹುಡುಗಿಯೂ ನೋಡಬಲ್ಲಳು. ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವಿದೆ. ಔಷಧ ಹಚ್ಚಿದ ಕಾಗದದ ಚೂರಿರುವ ಸೀಸೆಗೆ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದಿಂದ ಬಂದ ಸೂಕ್ಷ್ಮಜೀವಿಗಳಿದ್ದರೆ ನೀರು ಕಪ್ಪಾಗುತ್ತದೆ. ಪ್ರಯೋಗಾಲಯದಲ್ಲಿ ಬೆಚ್ಚಗಿಡಲು ಯಂತ್ರ ಬೇಕು. ಆದವಾನಿಯ ಬೇಸಿಗೆಯಲ್ಲಿ ಅಡುಗೆಮನೆಯ ಗೂಡು ಸಾಕು. ಜಲ ಜೀವನ್ ಮಿಷನ್ ಶುರುವಾದ ಮೇಲೆ ಪ್ರತಿ ಊರಿನ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದು ನಿಯಮವಾಗಿದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ.

ಅಳೆದ ಮೇಲೆ ಪರಿಹಾರವೂ ಬೇಕಲ್ಲ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ‘ನಲ್ಗೊಂಡ ವಿಧಾನ’ದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ನಿಧಾನಕ್ಕೆ ಕಲಕುತ್ತಾರೆ, ಹತ್ತಿಯ ಎಳೆಯಂಥ ಗಸಿ ಕಟ್ಟಿ ಫ್ಲೋರೈಡನ್ನು ಹೊತ್ತು ತಳಕ್ಕೆ ಕೂರುತ್ತದೆ. ಇಡೀ ಊರಿಗಾಗುವಂಥ ಘಟಕವೊಂದು ಆಗ ಅನಂತಪುರ ಜಿಲ್ಲೆಯಲ್ಲಿದ್ದ ಕದಿರಿಗೆ 1980ರಲ್ಲಿ ಬಂತು. ಬಕೆಟ್ಟಿನಲ್ಲೂ ಮಾಡಬಹುದು. ಆದರೆ ಪಟಿಕದ ಅಳತೆ ಆಯಾ ನೀರಿನ ಕ್ಷಾರಕ್ಕೆ ತಕ್ಕಂತೆ ಬದಲಾಗಬೇಕು, ಕೆಳಗೆ ಕೂತ ಗಸಿಯನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ದಿನವೂ ಇಷ್ಟು ನಿಗಾ ಬೇಡುವ ಕೆಲಸ ಕೂಲಿಗೆ ಹೋಗುವ ಮನೆಯಲ್ಲಿ ಹೆಚ್ಚು ದಿನ ನಡೆಯದು. ಈಗ ಆರ್‌ಒ ಘಟಕಗಳ ಕಾಲ. ಕ್ಯಾನಿಗೆ ಬರುವ ನೀರು ಶುದ್ಧ, ಒಪ್ಪೋಣ. ಅದು ಹಿಂದೆ ಬಿಟ್ಟ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಅದು ಯಾವ ಚರಂಡಿಗೆ, ಯಾವ ಹೊಲಕ್ಕೆ ಹೋಗುತ್ತಿದೆ ಎಂದು ಹಿಂಬಾಲಿಸಿ ನೋಡುವುದೂ ಈ ಸಂಶೋಧಕರ ಪಾಲಿನ ಕೆಲಸವೇ.

ಗಾಳಿಯ ಕಡೆ ಬಂದರೆ ಆದವಾನಿಯೇ ದೊಡ್ಡ ಪಾಠಶಾಲೆ. ಹತ್ತಿಯ ಹಂಗಾಮಿನಲ್ಲಿ ಮಾರ್ಕೆಟ್ ಯಾರ್ಡಿನ ಸುತ್ತ ಗಾಳಿಯಲ್ಲಿ ಎಳೆ ತೇಲುತ್ತಿರುತ್ತದೆ. ಜಿನ್ನಿಂಗ್ ಮಿಲ್ಲಿನಿಂದ ಹೊರಬಂದ ಹಮಾಲಿಯ ಹುಬ್ಬು, ರೆಪ್ಪೆ ಬೆಳ್ಳಗೆ. ಕಣ್ಣಿಗೆ ಕಾಣುವ ಆ ಎಳೆಯನ್ನು ಮೂಗು ತಡೆಯುತ್ತದೆ. ಎದೆಯೊಳಕ್ಕೆ ಇಳಿಯುವುದು ಕಾಣದ ಸಣ್ಣ ಧೂಳು. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದವರಿಗೆ ಬರುವ ಬಿಸಿನೋಸಿಸ್ ರೋಗದ ಗುರುತು ವಿಚಿತ್ರ: ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಹೆಚ್ಚು ಬಿಗಿಯುತ್ತದೆ. ಕೆಲಸಗಾರ ಅದನ್ನು ಮೈಗಳ್ಳತನವೆಂದು ಬೈಸಿಕೊಂಡು ಸುಮ್ಮನಾಗುತ್ತಾನೆ. ಕಾನೂನಿನಲ್ಲಿ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ.

ಊರಿನ ಗಾಳಿಯನ್ನು ಅಳೆಯುವುದು ತೂಕದ ಕೆಲಸ. ಬಿಳಿ ಸೋಸುಕಾಗದವನ್ನು ತೇವವಿಲ್ಲದ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟು ತೂಗಬೇಕು. ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಮಹಡಿಯ ಮೇಲಿಟ್ಟು, 24 ಗಂಟೆ ಗಾಳಿ ಎಳೆಸಿ ಮತ್ತೆ ತೂಗಬೇಕು. ಹೆಚ್ಚಿದ ತೂಕವೇ ನಾವು ಉಸಿರಾಡಿದ ಧೂಳು. ವಾರಕ್ಕೆರಡು ಸಲದಂತೆ ವರ್ಷಕ್ಕೆ 104 ದಿನ ಹೀಗೆ ನಡೆಯಬೇಕು. ಹತ್ತು ಮೈಕ್ರಾನಿಗಿಂತ ಸಣ್ಣ ಧೂಳು ಘನಮೀಟರಿಗೆ ವರ್ಷದ ಸರಾಸರಿಯಲ್ಲಿ 60 ಮೈಕ್ರೊಗ್ರಾಂ ಮೀರಬಾರದೆಂದು 2009ರ ರಾಷ್ಟ್ರೀಯ ಮಾನಕ ಹೇಳುತ್ತದೆ. ಅದನ್ನು ಪಾಲಿಸಲಾಗದ ನಗರಗಳ ಪಟ್ಟಿಯಲ್ಲಿ ಕರ್ನೂಲೂ ಇದೆ. ಆ ಕಾಗದದ ಧೂಳು ಎಲ್ಲಿಯದೆಂದು ಹೇಳಲೂ ದಾರಿಯುಂಟು. ಅಲ್ಯುಮಿನಿಯಂ, ಸಿಲಿಕಾನ್ ಹೆಚ್ಚಿದ್ದರೆ ಮಣ್ಣು, ರಸ್ತೆ. ಪೊಟಾಸಿಯಂ ಹೆಚ್ಚಿದ್ದರೆ ಸುಟ್ಟ ಕಟ್ಟಿಗೆ, ಹೊಟ್ಟು. ಕಪ್ಪು ಇಂಗಾಲ ಹೆಚ್ಚಿದ್ದರೆ ಡೀಸೆಲ್.

ಮತ್ತೆ ನೀರಿನ ಮಾತಿಗೆ ಬಂದರೆ, 2024ರಲ್ಲಿ ದೇವನಕೊಂಡ ಮಂಡಲದ ಕಪ್ಪಟ್ರಾಳ್ಳ ಕಾಡಿನಲ್ಲಿ ಯುರೇನಿಯಂ ಹುಡುಕಾಟದ ಸುದ್ದಿ ಹಬ್ಬಿ ಸುತ್ತಲಿನ ಊರವರು ಬೀದಿಗಿಳಿದರು. ನೆಲ ಕೊರೆಯುವ ಯಾವ ಯೋಜನೆಯೇ ಬರಲಿ, ಅದಕ್ಕೂ ಮೊದಲಿನ ನೀರು ಹೇಗಿತ್ತು ಎಂಬ ಲೆಕ್ಕ ಊರಿನ ಕೈಯಲ್ಲಿರಬೇಕು. ಆಮೇಲೆ ತೆಗೆದ ಲೆಕ್ಕದಿಂದ ಏನನ್ನೂ ಸಾಧಿಸಿ ತೋರಿಸಲಾಗದು.

ಮೂರು ವಾರದ ಮೇಲೆ ಆ ಸಂಶೋಧನಾ ವಿದ್ಯಾರ್ಥಿನಿ ಪ್ರಯೋಗಾಲಯದ ಅಂಕಿಯೊಡನೆ ಕೋಸಿಗಿ ಕಡೆಯ ಅದೇ ಹಳ್ಳಿಗೆ ಮರಳಿದಳು. ಹೋಗದಿದ್ದರೂ ಅವಳ ಪ್ರಬಂಧಕ್ಕೆ ಅಡ್ಡಿಯಿರಲಿಲ್ಲ. ಎಷ್ಟೋ ಊರುಗಳಿಗೆ ಸೀಸೆ ಹಿಡಿದವರು ಬರುತ್ತಾರೆ, ಅಂಕಿ ಹಿಡಿದು ಯಾರೂ ಬರುವುದಿಲ್ಲ. ಪಂಪಿನ ಮೈಗೆ ಕೆಂಪು ಬಣ್ಣ ಬಳಿಸಿದಳು. ಅಜ್ಜಿ ಬಿಂದಿಗೆಯನ್ನು ಕಂಕುಳಲ್ಲೇ ಇಟ್ಟುಕೊಂಡು ನೋಡುತ್ತ ನಿಂತಿದ್ದರು.

“ಹಂಗಾದ್ರ ಕುಡ್ಯಾಕ ಬ್ಯಾಡ ಅಂತೀಯೇನವ್ವ?”

“ಬ್ಯಾಡ ಅಜ್ಜಿ. ಅಡಿಗೀಗೂ ಬ್ಯಾಡ. ಬ್ಯಾಳಿ ನೀರು ಹೀರಿಕೊಳ್ಳತೈತಿ, ಅದರ ಕೂಡ ಇದೂ ಹೊಟ್ಟಿಗೆ ಹೋಗತೈತಿ. ಕಾಲುವೆ ನೀರಿನ ನಲ್ಲಿ ಬಂದಾಗ ಹಿಡದಿಟ್ಕೋರಿ.”

“ಅದು ನಾಕು ದಿನಕ್ಕೊಮ್ಮಿ ಬರತೈತಿ.” ಅಜ್ಜಿ ಸ್ವಲ್ಪ ಹೊತ್ತು ಪಂಪನ್ನೇ ನೋಡಿದರು. “ಬಟ್ಟಿ ಒಗೀಬೋದಿಲ್ಲೋ?”

“ಒಗೀಬೋದು ಅಜ್ಜಿ.”