ವಿಷಮತೆ, ನೆಮ್ಮದಿ ಮತ್ತು ಮೇಲೇರುವ ನಂಬಿಕೆ

ಸಿರಿವಂತರಿಗೂ ಬಡವರಿಗೂ ನಡುವಣ ಅಂತರ ಬೆಳೆದಂತೆ ಬಡವನ ಅಸಂತೋಷವೂ ಬೆಳೆಯುವುದೆಂಬುದು ಸಾಮಾನ್ಯ ಎಣಿಕೆ. ಇದನ್ನು ಅಂಕಿ-ಅಂಶಗಳ ಒರೆಗೆ ಹಚ್ಚಿ ನೋಡಿದವರಲ್ಲಿ ಆಲ್ಬರ್ತೊ ಅಲೆಸೀನಾ ಪ್ರಮುಖರು. ೧೯೫೭ರಲ್ಲಿ ಇಟಲಿಯಲ್ಲಿ ಜನಿಸಿ, ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ೨೦೨೦ರಲ್ಲಿ ನಿಧನರಾದ ಇವರಿಗೆ ಎರಡೂ ಖಂಡಗಳ ಜನರ ಮನೋಧರ್ಮ ಪರಿಚಿತವಾಗಿದ್ದಿತು.

ರಾಫೆಲ್ ಡಿ ಟೆಲ್ಲಾ, ರಾಬರ್ಟ್ ಮ್ಯಾಕಲಕ್ ಇವರೊಡನೆ ಅವರು ೨೦೦೪ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಆಧಾರ ಒಂದು ಸರಳವಾದ ಪ್ರಶ್ನೆ: ಒಟ್ಟಿನಲ್ಲಿ ನೀವು ಸುಖವಾಗಿದ್ದೀರಾ? ಯುರೋಪು, ಅಮೆರಿಕೆಗಳಲ್ಲಿ ಹಲವು ವರ್ಷಗಳಿಂದ ಸಂಗ್ರಹವಾಗಿದ್ದ ಒಂದು ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನು ಅವರು ಪರಿಶೀಲಿಸಿದರು. ಸುಖವನ್ನು ಹೀಗೆ ಕೇಳಿ ಅಳೆಯಬಹುದೇ ಎಂಬ ಶಂಕೆ ಸಹಜವೇ; ಆದರೆ ಒಬ್ಬೊಬ್ಬರ ಮಾತಿನಲ್ಲಿರುವ ಏರುಪೇರು ಲಕ್ಷ ಜನರ ಮಾತಿನಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಉತ್ತರವಿತ್ತವರ ವರಮಾನ, ವಯಸ್ಸು, ಉದ್ಯೋಗ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ವಿಷಮತೆ ಹೆಚ್ಚಿದ್ದಾಗ ತಾವು ಸುಖಿಗಳೆನ್ನುವವರು ಕಡಿಮೆಯೆಂದು ಕಂಡುಬಂದಿತು.

ಆದರೆ ನೊಂದವರು ಯಾರು? ಯುರೋಪಿನಲ್ಲಿ ಬಡವರು ಮತ್ತು ಎಡಪಂಥೀಯರು. ಅಮೆರಿಕೆಯ ಬಡವರ ಸುಖಕ್ಕೂ ವಿಷಮತೆಗೂ ಸಂಬಂಧವೇ ಕಾಣಲಿಲ್ಲ. ಅಲ್ಲಿ ಅದು ಬಾಧಿಸಿದುದು, ವಿಚಿತ್ರವೆಂಬಂತೆ, ಸಿರಿವಂತರನ್ನು! ಸಂಶೋಧಕರು ಇದಕ್ಕೆ ಕೊಟ್ಟ ವಿವರಣೆ ಬಡತನಕ್ಕಿಂತ ನಂಬಿಕೆಗೆ ಸಂಬಂಧಿಸಿದುದು. ದುಡಿಮೆಯಿಂದ ಯಾರೂ ಮೇಲೇರಬಹುದು, ಯಾರೂ ಕೆಳಗೆ ಜಾರಬಹುದು ಎಂದು ಅಮೆರಿಕನ್ನರು ನಂಬುತ್ತಾರೆ. ಆದುದರಿಂದ ಅಲ್ಲಿಯ ಬಡವನಿಗೆ ಮೇಲಿನ ಮೆಟ್ಟಿಲು ನಾಳಿನ ಆಸೆ; ಧನಿಕನಿಗೆ ಕೆಳಗಿನ ಮೆಟ್ಟಿಲು ನಾಳಿನ ಭಯ. ಯುರೋಪಿನ ಬಡವನಿಗಾದರೋ ಅದು ಹತ್ತಲಾಗದ ಗೋಡೆ.

ಈ ನಂಬಿಕೆಗೆ ಕಠೋರವಾದ ಮುಖವೂ ಉಂಟು. ಎಡ್ವರ್ಡ್ ಗ್ಲೇಸರ್ ಅವರೊಡನೆ ಅದೇ ವರ್ಷ ಹೊರತಂದ ಗ್ರಂಥದಲ್ಲಿ ಕೊಟ್ಟಿರುವಂತೆ, ಬಡವರು ಸೋಮಾರಿಗಳೆಂದು ಭಾವಿಸುವವರು ಅಮೆರಿಕನ್ನರಲ್ಲಿ ನೂರಕ್ಕೆ ೬೦, ಯುರೋಪಿಯನ್ನರಲ್ಲಿ ೨೬. ಸೋಮಾರಿಗೆ ಸರಕಾರದ ಬೊಕ್ಕಸದಿಂದ ಕೊಡಲು ಯಾರು ಒಪ್ಪಿಯಾರು? ಈ ಹಿಂಜರಿಕೆಯಲ್ಲಿ ಅಲ್ಲಿಯ ವರ್ಣಭೇದದ ಪಾಲು ದೊಡ್ಡದೆಂದೂ ಅವರು ತೋರಿಸಿದ್ದಾರೆ.

ಹಾಗಾದರೆ ನಿಜಸ್ಥಿತಿಯನ್ನು ತಿಳಿಸಿದರೆ ಮನಸ್ಸು ಬದಲಾದೀತೆ? ಸ್ಟೆಫಾನಿ ಸ್ಟಾಂಚೆವಾ, ಎದೊಆರ್ದೊ ತೇಸೊ ಇವರೊಡನೆ ಐದು ದೇಶಗಳಲ್ಲಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮೇಲೇರುವ ಅವಕಾಶವನ್ನು ಅಮೆರಿಕನ್ನರು ಇದ್ದುದಕ್ಕಿಂತ ಹೆಚ್ಚೆಂದೂ ಯುರೋಪಿಯನ್ನರು ಕಡಿಮೆಯೆಂದೂ ಎಣಿಸುವುದು ಕಂಡುಬಂದಿತು. ಅವಕಾಶ ಕುಗ್ಗಿದೆಯೆಂಬ ಮಾಹಿತಿಯನ್ನು ಕೊಟ್ಟಾಗ ಎಡಪಂಥೀಯರು ಸಂಪತ್ತಿನ ಮರುಹಂಚಿಕೆಯನ್ನು ಇನ್ನಷ್ಟು ಬೆಂಬಲಿಸಿದರು. ಬಲಪಂಥೀಯರೂ ಆ ಮಾಹಿತಿಯನ್ನು ನಂಬಿದರು. ಆದರೆ ಏಣಿ ಮುರಿದಿದೆಯೆಂದು ಒಪ್ಪಿದವರೂ ಅದನ್ನು ದುರಸ್ತಿ ಮಾಡಲು ಸರಕಾರವೆಂಬ ಬಡಗಿಯನ್ನು ಕರೆಯಲು ಒಪ್ಪಲಿಲ್ಲ. ಅವರ ಕಣ್ಣಿಗೆ ಸರಕಾರವೇ ತೊಡಕಿನ ಒಂದು ಭಾಗವಾಗಿದ್ದಿತು.