ಲಘುರೈಲು: ಯಂತ್ರದ ಚಾಲನೆ ಮತ್ತು ಬೀದಿಯ ಚಾಲನೆ

ನಗರದ ಲಘುರೈಲನ್ನು ಯಂತ್ರವೇ ನಡೆಸಬಲ್ಲುದಾದರೆ ಚಾಲಕನೇಕೆ ಬೇಕು ಎಂಬ ಪ್ರಶ್ನೆ ಆಗಾಗ ಕೇಳಿಬರುವುದುಂಟು. ಪ್ರಶ್ನೆ ಸಹಜವಾದುದೇ, ಆದರೆ ಇದರ ಉತ್ತರವು ಯಂತ್ರದ ಜಾಣ್ಮೆಗಿಂತ ಹೆಚ್ಚಾಗಿ ಹಳಿಯನ್ನು ಹಾಸಿದ ನೆಲವನ್ನು ಅವಲಂಬಿಸಿದೆ.

ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲಘುರೈಲನ್ನು ತೆಗೆದುಕೊಳ್ಳೋಣ. 1987ರಲ್ಲಿ ಆರಂಭವಾದಂದಿನಿಂದಲೂ ಅದನ್ನು ಗಣಕವೇ ಓಡಿಸುತ್ತಿದೆ. ಗಾಡಿಯಲ್ಲಿರುವ ನೌಕರನು ಬಾಗಿಲುಗಳನ್ನು ನೋಡಿಕೊಳ್ಳುತ್ತಾನೆ. ಅಗತ್ಯ ಬಿದ್ದಾಗ ಮಾತ್ರ ಚಾಲನೆಗೆ ಕೈಹಾಕುತ್ತಾನೆ. ಆ ಹಳಿಯು ಮೇಲುಸೇತುವೆ, ಸುರಂಗ, ಬೇಲಿಯೊಳಗಣ ದಾರಿಗಳಲ್ಲಿಯೇ ಸಾಗುತ್ತದೆ, ಎಲ್ಲಿಯೂ ಬೀದಿಗಿಳಿಯುವುದಿಲ್ಲ. ಮುಂದೆ ಸಿಕ್ಕಬಹುದಾದುದು ಇನ್ನೊಂದು ಗಾಡಿ. ಅದರ ನೆಲೆಯು ಗಣಕಕ್ಕೆ ತಿಳಿದೇ ಇರುತ್ತದೆ.

ಬೀದಿಯ ಪಾಡು ಬೇರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಪಕ್ಕಕ್ಕೆ ಸರಿಯುವಂತೆಯೂ ಇಲ್ಲ. ಆದುದರಿಂದ ಟ್ರಾಮಿನ ಚಾಲಕನು ಕಣ್ಣಳವಿನೊಳಗೆ ನಿಲ್ಲಿಸಬಹುದಾದಷ್ಟೇ ವೇಗದಲ್ಲಿ ಸಾಗಬೇಕು. ಅಂಚಿನಲ್ಲಿ ನಿಂತವನು ರಸ್ತೆ ದಾಟುವನೋ, ಕಾಯುವನೋ ಎಂಬುದನ್ನು ಅವನ ನಿಲುವಿನಿಂದಲೇ ಊಹಿಸಬೇಕು.

ಈ ಎರಡು ಬಗೆಗಳೂ ಸ್ಯಾನ್ ಫ್ರಾನ್ಸಿಸ್ಕೋದ ಮ್ಯುನಿ ಮೆಟ್ರೋದಲ್ಲಿ ಕೂಡಿವೆ. 1998ರಿಂದ ಮಾರ್ಕೆಟ್ ಸ್ಟ್ರೀಟಿನ ಕೆಳಗಣ ಸುರಂಗದಲ್ಲಿ ವೇಗ, ಬ್ರೇಕು, ಗಾಡಿಗಳ ಅಂತರ ಇವೆಲ್ಲ ಗಣಕದ ವಶ. ಬೀದಿಗೆ ಬಂದೊಡನೆ ಅದೇ ಗಾಡಿಯನ್ನು ಚಾಲಕನು ನಡೆಸುತ್ತಾನೆ. ಬೀದಿಯಲ್ಲಿ ತಡವಾದ ಗಾಡಿಗಳು ಗುಂಪಾಗಿ ಸುರಂಗದ ಬಾಯಿಗೆ ಬಂದರೆ ಒಳಗಣ ಕ್ರಮವೂ ಕೆಡುತ್ತದೆ.

ಇದಕ್ಕಿಂತ ಗಂಭೀರವಾದುದು ಹೊಣೆಯ ಹಸ್ತಾಂತರ. 2009ರ ಜುಲೈ 18ರಂದು, ಸುರಂಗದಂಚಿನ ವೆಸ್ಟ್ ಪೋರ್ಟಲ್ ನಿಲ್ದಾಣವನ್ನು ತಲುಪುವ ಮೊದಲೇ ಚಾಲಕನೊಬ್ಬನು ಸ್ವಯಂಚಾಲನೆಯನ್ನು ಬಿಡಿಸಿ ಗಾಡಿಯನ್ನು ತನ್ನ ಕೈಗೆ ತೆಗೆದುಕೊಂಡನು. ಬಳಿಕ ತನಗೆ ಎಚ್ಚರ ತಪ್ಪಿತೆಂದು ಅವನು ಹೇಳಿದನು. ಗಾಡಿಯು ಮುಂದೆ ನಿಂತಿದ್ದ ಗಾಡಿಗೆ ಬಡಿದು 40ಕ್ಕೂ ಹೆಚ್ಚು ಜನ ಗಾಯಗೊಂಡರು. ಯಂತ್ರ ಕಾಯುತ್ತಿದ್ದ ಎಡೆಯಲ್ಲಿ ಆ ಕಾವಲು ಇಲ್ಲವಾಗಿತ್ತು.

ಬೀದಿಯಲ್ಲಿಯೂ ಪ್ರಯೋಗಗಳು ನಡೆದಿವೆ. 2018ರಲ್ಲಿ ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಸೀಮೆನ್ಸ್ ಸಂಸ್ಥೆಯು ಕ್ಯಾಮರಾ, ರೇಡಾರುಗಳ ನೆರವಿನಿಂದ ಸ್ವಯಂಚಾಲಿತ ಟ್ರಾಮನ್ನು ಓಡಿಸಿ ತೋರಿಸಿತು. ಆದರೆ ಚಾಲಕನ ಎಡೆ ತೆರವಾಗಿರಲಿಲ್ಲ.

1964ರಲ್ಲಿ ಟ್ರಾಮನ್ನು ಬಿಟ್ಟ ಮುಂಬಯಿಯವರಿಗೂ, 2020ರಲ್ಲಿ ಚಾಲಕರಹಿತ ಮೆಟ್ರೋ ಕಂಡ ದೆಹಲಿಯವರಿಗೂ ಈ ಭೇದವು ಉಪಯುಕ್ತ. ಚಾಲಕನ ಸಂಬಳವನ್ನು ಉಳಿಸಹೊರಟ ನಗರವು ಮೊದಲು ಸೇತುವೆ, ಸುರಂಗಗಳ ಬೆಲೆಯನ್ನು ತೆರಬೇಕು, ಇಲ್ಲವೆ ಬೀದಿಗೆ ಬೇಲಿ ಹಾಕಬೇಕು. ಬೇಲಿ ಹಾಕಿದರೆ ನಡೆದಾಡುವವನ ದಾರಿ ಕಟ್ಟುತ್ತದೆ. ಲೆಕ್ಕ ಹಾಕುವಾಗ ಈ ಬಾಬನ್ನು ಬಿಡತಕ್ಕದ್ದಲ್ಲ.